ದೀಪದ ಬುಡದ ಕತ್ತಲೆ

ಚಾರಣದ ದಿನಗಳಲ್ಲಿ ಕೊಂಡಿದ್ದ ಬ್ಯಾಟರಿ ಲಾಟೀನೊಂದು ಈಗಲೂ ನನ್ನ ಬಳಿ ಇದೆ. ಬುಡದಲ್ಲಿ ನಾಲ್ಕು ದಪ್ಪ ಸೆಲ್‌ಗಳು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಬುರುಡೆ, ನಡುವೆ ಗೋಲಿಯಷ್ಟು ಸಣ್ಣ ತಂತಿಬಲ್ಬು. ಕಳೆದ ಮಳೆಗಾಲದಲ್ಲಿ ಆ ಬಲ್ಬು ಸುಟ್ಟುಹೋಯಿತು. ಅದೇ ಅಳತೆಯ ಎಲ್‌ಇಡಿ ಬಲ್ಬನ್ನು ತಂದು ಕೂರಿಸಿದೆ. ಮೊದಲಿಗೆ ಹತ್ತಲೇ ಇಲ್ಲ. ಸೆಲ್‌ಗಳನ್ನೆಲ್ಲ ತಿರುಗಿಸಿ ಹಾಕಿದ ಮೇಲೆ ಹತ್ತಿತು. ಆದರೆ ಬೆಳಕೆಲ್ಲ ನೆಟ್ಟಗೆ ಮೇಲಕ್ಕೆ ಹೋಗಿ ಮುಚ್ಚಳದ ಒಳಮೈಯನ್ನು ಬೆಳಗಿತು. ಸುತ್ತ ಕೂತವರ ಮುಖ ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಅಷ್ಟು ಅಕ್ಷರಶಃ ನಾನು ಎಂದೂ ಕಂಡಿರಲಿಲ್ಲ.

ಹೊಸ ಬಲ್ಬಿನಲ್ಲಿ ದೋಷವಿರಲಿಲ್ಲ, ಲಾಟೀನಿನಲ್ಲೂ ಇರಲಿಲ್ಲ. ಅವೆರಡೂ ಬೇರೆ ಬೇರೆ ಚರಿತ್ರೆಗಳಿಂದ ಬಂದವು, ಅಷ್ಟೆ.

ಲಾಟೀನಿನ ಆಕಾರ ವಿದ್ಯುತ್ತಿಗಿಂತ ಹಳೆಯದು. ಯಕ್ಷಗಾನದ ಬಯಲಾಟಗಳಿಗೂ ಮದುವೆಯ ಚಪ್ಪರಗಳಿಗೂ ಬೆಳಕು ಕೊಟ್ಟ ಪೆಟ್ರೋಮ್ಯಾಕ್ಸನ್ನು ನೆನೆಸಿಕೊಳ್ಳಿ. ನಡುವೆ ಉರಿಯುವ ಮ್ಯಾಂಟಲ್, ಸುತ್ತ ಗಾಜು, ನಾಲ್ಕೂ ದಿಕ್ಕಿಗೆ ಬೆಳಕು. ಬ್ಯಾಟರಿ ಲಾಟೀನು ಆ ಗಾಜಿನ ಮನೆಯನ್ನೇ ಉಳಿಸಿಕೊಂಡು ಒಳಗಿನ ಬೆಂಕಿಯ ಜಾಗದಲ್ಲಿ ತಂತಿಯನ್ನು ಇಟ್ಟಿತು. ಕಾದು ಕೆಂಪಾದ ತಂತಿಯೂ ಬೆಂಕಿಯಂತೆಯೇ ಸುತ್ತಲೂ ಬೆಳಗುವುದರಿಂದ ಈ ಬದಲಾವಣೆ ಸುಲಭವಾಯಿತು. ವಿದ್ಯುತ್ತು ಯಾವ ಕಡೆಯಿಂದ ಹರಿದರೂ ತಂತಿಗೆ ಒಂದೇ.

ತಂತಿಯ ದೊಡ್ಡ ಕಷ್ಟವೆಂದರೆ ಅದರ ಹಸಿವು. ಡೇವಿಡ್ ಮಿಸೆಲ್ ಎಂಬಾತ 1899ರಲ್ಲಿ ಅಮೆರಿಕದಲ್ಲಿ ಕೈದೀಪಕ್ಕೆ ಪೇಟೆಂಟ್ ಪಡೆದಾಗ ಸೆಲ್‌ಗಳು ಎಷ್ಟು ದುರ್ಬಲವಾಗಿದ್ದವೆಂದರೆ ದೀಪವನ್ನು ಕ್ಷಣಕಾಲ ಮಿನುಗಿಸಿ ಆರಿಸಬೇಕಿತ್ತು. ಫ್ಲ್ಯಾಶ್‌ಲೈಟ್ ಎಂಬ ಹೆಸರು ಬಂದದ್ದು ಹಾಗೆ. ಮುಂದೆ ಟಂಗ್‌ಸ್ಟನ್ ತಂತಿ ಬಂದು, ಸೆಲ್‌ಗಳೂ ಸುಧಾರಿಸಿದವು. ಆದರೂ ನನ್ನ ಲಾಟೀನಿನಂಥ ಬಲ್ಬು ಸುಮಾರು ಅರ್ಧ ಆಂಪಿಯರ್ ವಿದ್ಯುತ್ತನ್ನು ಕುಡಿದು, ಅದರ ಬಹುಪಾಲನ್ನು ಶಾಖವಾಗಿ ಚೆಲ್ಲುತ್ತದೆ.

ಎಲ್‌ಇಡಿಯ ಕತೆ ಬೆಂಕಿಯಿಂದ ಶುರುವಾಗುವುದಿಲ್ಲ, ಹರಳಿನಿಂದ ಶುರುವಾಗುತ್ತದೆ. ರೇಡಿಯೋ ಸಂಶೋಧಕ ಹೆನ್ರಿ ರೌಂಡ್ 1907ರಲ್ಲಿ ಕಾರ್ಬೊರಂಡಮ್ ಹರಳಿಗೆ ವಿದ್ಯುತ್ತು ಹಾಯಿಸಿದಾಗ ಹಳದಿ ಹೊಳಪು ಕಂಡು, ಪತ್ರಿಕೆಯೊಂದಕ್ಕೆ ಪುಟ್ಟ ಟಿಪ್ಪಣಿ ಬರೆದು ಸುಮ್ಮನಾದರು. ಅದನ್ನು ಪಟ್ಟುಹಿಡಿದು ಅಭ್ಯಾಸ ಮಾಡಿದವರು ರಷ್ಯಾದ ಒಲೆಗ್ ಲೋಸೆವ್. ಇದು ಕಾವಿನಿಂದ ಹುಟ್ಟುವ ಬೆಳಕಲ್ಲ ಎಂಬುದನ್ನು 1920ರ ದಶಕದಲ್ಲಿಯೇ ಅವರು ಗುರುತಿಸಿದ್ದರು. ಹೆಚ್ಚು ಓದಿದವರಲ್ಲ, ಪ್ರಯೋಗಾಲಯದ ಸಹಾಯಕರಾಗಿ ಕೆಲಸಕ್ಕೆ ಸೇರಿದವರು. 1942ರ ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ, 38ನೇ ವಯಸ್ಸಿನಲ್ಲಿ, ಹಸಿವಿನಿಂದ ಸತ್ತರು. ಅತಿ ಕಡಿಮೆ ಉಣ್ಣುವ ದೀಪವನ್ನು ಮೊದಲು ಅರಿತವನಿಗೆ ಅನ್ನ ಸಿಗಲಿಲ್ಲ. ಅವರ ಕೆಲಸವನ್ನು ಲೋಕ ದಶಕಗಳ ಕಾಲ ಮರೆತಿತು.

1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದರು. ಯಂತ್ರ ಚಾಲೂ ಇದೆಯೋ ಇಲ್ಲವೋ ಎಂದು ಹೇಳಲು ಆ ಕೆಂಪು ಚುಕ್ಕೆ ಸಾಕಾಯಿತು, ಓದಲು ಸಾಲದು. ಬಿಳಿ ಬೆಳಕಿಗೆ ನೀಲಿ ಬೇಕಿತ್ತು. ಜಪಾನಿನ ಅಕಸಾಕಿ, ಅಮಾನೊ ಮತ್ತು ನಕಮುರ ಅವರ ವರ್ಷಗಟ್ಟಲೆ ಶ್ರಮದಿಂದ 1990ರ ದಶಕದ ಮೊದಲ ಭಾಗದಲ್ಲಿ ಪ್ರಖರ ನೀಲಿ ಸಿಕ್ಕಿತು. ಅದಕ್ಕಾಗಿ ಮೂವರಿಗೂ 2014ರ ನೊಬೆಲ್ ಬಂತು. ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪಿಸಿದರೆ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ.

ಆ ಬಿಳಿ ಚುಕ್ಕೆಯ ಬೆಲೆ ಏನೆಂಬುದನ್ನು ಬೇಗ ಅರಿತವರಲ್ಲಿ ಕೆನಡಾದ ಕ್ಯಾಲ್ಗರಿಯ ಪ್ರಾಧ್ಯಾಪಕ ಡೇವ್ ಇರ್ವಿನ್-ಹ್ಯಾಲಿಡೆ ಒಬ್ಬರು. 1997ರಲ್ಲಿ ನೇಪಾಳದ ಅನ್ನಪೂರ್ಣ ಸೀಮೆಯಲ್ಲಿ ಚಾರಣ ಮಾಡುವಾಗ ಕತ್ತಲು ತುಂಬಿದ ಶಾಲೆಯೊಂದು ಅವರ ಕಣ್ಣಿಗೆ ಬಿತ್ತು. ಊರಿಗೆ ಮರಳಿ ಎಲ್‌ಇಡಿಗಳೊಂದಿಗೆ ಹೆಣಗಾಡಿದರು. ಒಂದೇ ಒಂದು ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಮಗುವೊಂದು ಓದಬಹುದು ಎಂದು ಮನಗಂಡು, ಮತ್ತೆ ನೇಪಾಳದ ಹಳ್ಳಿಗಳಿಗೆ ದೀಪ ಹೊತ್ತು ಹೋದರು. ಚಾರಣಿಗರು ಮೋಜಿಗೆ ಬೆನ್ನಮೇಲೆ ಹೊತ್ತೊಯ್ಯುವ ಬೆಳಕು ಬೆಟ್ಟದವರಿಗೆ ಪಾಠದ ಪ್ರಶ್ನೆಯಾಗಿತ್ತು, ಸೀಮೆಎಣ್ಣೆ ಹೊಗೆಯ ಪ್ರಶ್ನೆಯೂ ಆಗಿತ್ತು.

ಇದನ್ನೆಲ್ಲ ಓದಿಕೊಂಡ ಮೇಲೆ ನನ್ನ ಲಾಟೀನನ್ನು ಮತ್ತೆ ಬಿಚ್ಚಿದೆ. ಅಂಗಡಿಯ ಬಲ್ಬನ್ನು ತೆಗೆದು, ಬಿಡಿ ಎಲ್‌ಇಡಿಗಳನ್ನೇ ಬೆಸೆಯಲು ಕೂತೆ. ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್ ಸಾಕು. ನಾಲ್ಕು ಸೆಲ್ ಕೊಡುವುದು 6. ನೇರ ಜೋಡಿಸಿದರೆ ಸುಟ್ಟುಹೋಗುತ್ತದೆ. ಹೆಚ್ಚಿನ 2.8 ವೋಲ್ಟನ್ನು ತಡೆಯಲು 150 ಓಮ್‌ನ ರೆಸಿಸ್ಟರ್ ಹಾಕಿದರೆ 20 ಮಿಲಿ ಆಂಪಿಯರಿಗೆ ಕೊಂಚ ಕಡಿಮೆ ಹರಿಯುತ್ತದೆ. ಒಂದರ ಬೆಳಕು ಕೋಣೆಗೆ ಸಾಲದು. ಆರನ್ನು, ಪ್ರತಿಯೊಂದಕ್ಕೂ ಅದರದೇ ರೆಸಿಸ್ಟರ್ ಕೊಟ್ಟು, ಹೊರಮುಖವಾಗಿ ವೃತ್ತಾಕಾರದಲ್ಲಿ ಬೆಸೆದೆ. ಆರೂ ಸೇರಿ ಹಳೆಯ ಬಲ್ಬಿನ ಕಾಲುಭಾಗದಷ್ಟೇ ವಿದ್ಯುತ್ತು ತಿನ್ನುತ್ತವೆ. ಆದರೂ ಬೆಳಕು ಆರು ಕೋಲುಗಳಂತೆ ಗೋಡೆಗೆ ಚುಚ್ಚುತ್ತಿತ್ತು. ಎಲ್‌ಇಡಿಗಳ ತಲೆಯನ್ನು ಮರಳು ಕಾಗದದಿಂದ ಉಜ್ಜಿ ಮಬ್ಬಾಗಿಸಿದೆ. ಬುರುಡೆಯ ಒಳಗೆ ಬೆಣ್ಣೆಕಾಗದ ಸುತ್ತಿದೆ. ಕೋಲುಗಳು ಕರಗಿದವು.

ಬಣ್ಣದ ತಕರಾರು ಮಾತ್ರ ಉಳಿಯಿತು. ತಣ್ಣನೆಯ ಆ ನೀಲಿಬಿಳುಪಿನಲ್ಲಿ ಅನ್ನವೂ ಮುಖವೂ ಪೇಲವವಾಗಿ ಕಂಡವು. ಆರರಲ್ಲಿ ಮೂರನ್ನು ಕಿತ್ತು, ಹಳದಿ ಛಾಯೆಯ ಬೆಚ್ಚನೆ ಬಿಳಿಯವನ್ನು ಹಾಕಿದೆ. ಬೆಳಕು ತುಸು ಕಡಿಮೆಯಾಯಿತು. ಅಮ್ಮ ನೋಡಿ, ಈಗ ಲಾಟೀನಿನ ಹಾಗೆ ಕಾಣುತ್ತದೆ ಎಂದಳು.

ಮೊನ್ನೆ ಕರೆಂಟು ಹೋದಾಗ ಅದನ್ನು ಜಗಲಿಯಲ್ಲಿಟ್ಟು ಕೂತಿದ್ದೆವು. ಬುರುಡೆ ಮುಟ್ಟಿದರೆ ತಣ್ಣಗಿತ್ತು. ಉರಿಯದೆಯೂ ಬೆಳಗಬಹುದು ಎಂದು ನೂರು ವರ್ಷದ ಹಿಂದೆ ಕಂಡುಕೊಂಡ ಲೋಸೆವ್ ನೆನಪಾದರು.