ಬೆಂಪೂರಿನ ಮೂರು ಕಲ್ಲುಗಳು

ಗಂಗವಾಡಿ 96,000 ಎಂಬ ನಾಡನ್ನು ಗಂಗದೊರೆ ಎರೆಯಪ್ಪನು ಆಳುತ್ತಿದ್ದ ಕಾಲ. 9ನೇ ಶತಮಾನ ಸರಿದು 10ನೆಯದು ಹೊಸ್ತಿಲಲ್ಲಿ ನಿಂತಿತ್ತು. ಗಂಗರ ಪಡೆಗೂ ವೀರಮಹೇಂದ್ರನೆಂಬ ಎದುರಾಳಿಗೂ ತುಂಬೆಪಾಡಿಯಲ್ಲಿ ಕಾಳಗವಾಯಿತು. ಬೆಂಪೂರಿನ ನಾಗತ್ತರನು ಆನೆಗಳ ಒತ್ತಿನೊಳಗೆ ಹೊಕ್ಕು, ಇರಿದು, ಅಲ್ಲೇ ಬಿದ್ದನು. ವಾರ್ತೆ ಕೇಳಿದ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು 12 ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ, ಅಂದರೆ ಮಡಿದ ವೀರನ ಹೆಸರಿನ ದಾನಭೂಮಿಯಾಗಿ, ಬಿಟ್ಟುಕೊಟ್ಟನು. ಆ ದಾನವನ್ನೂ ಆ ಯುದ್ಧವನ್ನೂ ಹೊತ್ತ ವೀರಗಲ್ಲು ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಬೆಂಪೂರೆಂದರೆ ಇಂದಿನ ಬೇಗೂರು. ದಾನದ ಹಳ್ಳಿಗಳಲ್ಲಿ ತೊವಗೂರು ಎಂಬುದೊಂದು, ಅದೇ ದೊಡ್ಡತೋಗೂರು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಎಬ್ಬಿಸಿತು. ಇಂದು ಲಕ್ಷಾಂತರ ಮಂದಿ ದುಡಿಯಲು ಬರುವ ಆ ನೆಲ, ಒಂದು ಕಾಲಕ್ಕೆ ಸತ್ತವನ ಋಣ ತೀರಿಸಲು ಕೊಟ್ಟ ನೆಲ.

ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಇನ್ನೊಂದು ಕಲ್ಲುಂಟು. ಕ್ರಿ.ಶ. 890ರ ಸುಮಾರಿನದು. ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವುದು ಅದರಲ್ಲೇ ಎಂದು ಎಲ್ಲರೂ ಅದನ್ನು ಕೊಂಡಾಡುತ್ತಾರೆ. ಆದರೆ ಆ ಕಲ್ಲು ನಿಂತದ್ದು ಊರಿನ ಹೆಸರನ್ನು ಉಳಿಸಲೆಂದಲ್ಲ. ಬೆಂಗಳೂರ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣನೂ, ಆ ಮನೆಯನ್ನೇ ನಂಬಿದ್ದ ಪೆರ್ಬೊಣ ಸೆಟ್ಟಿಯೂ ಮಡಿದ ಸಂಗತಿಯನ್ನು ಅದು ಹೇಳುತ್ತದೆ. ಮಗನ ಸಾವಿನ ಪಕ್ಕದಲ್ಲೇ ಮನೆಯಾಳಿನ ಸಾವನ್ನೂ ಬರೆಸಿದರಲ್ಲ, ಆ ಮನೆತನದ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿ.

ಮೂರನೆಯ ಕಲ್ಲು ಕಾಳಗದ ಸುದ್ದಿ ಹೇಳುವುದಿಲ್ಲ. ನಾಗತ್ತರನ ಮಗಳು ತೊಂಡಬ್ಬೆ ಜೈನರ ಸಲ್ಲೇಖನ, ಅಂದರೆ ಅನ್ನ ನೀರು ಬಿಟ್ಟು ಸಾವನ್ನು ಶಾಂತವಾಗಿ ಎದುರುಗೊಳ್ಳುವ ವ್ರತ, ಹಿಡಿದು ದೇಹ ಬಿಟ್ಟಳೆಂದು ಅದು ತಿಳಿಸುತ್ತದೆ.

ಹೀಗೆ ಒಂದೇ ಮನೆತನಕ್ಕೆ ಬಂದ ಸಾವುಗಳ ಲೆಕ್ಕ ಕಲ್ಲಿನಲ್ಲಿ ಉಳಿದಿದೆ. ಆ ಮನೆಯವರು ಏನನ್ನು ಹಿಡಿದು ನಿಂತರೆಂಬುದಕ್ಕೆ ಅವರ ಕಾಲದ ತತ್ತ್ವವೇ ದಾರಿ ತೋರಿಸಬೇಕು. ಗಂಗರಾಜ್ಯದಲ್ಲಿ ಜಿನಧರ್ಮವು ಮುನಿಗಳ ಗುಹೆಯಲ್ಲಷ್ಟೇ ಇರಲಿಲ್ಲ. ಪೀಣ್ಯ ದಾಟಿ ನೆಲಮಂಗಲದ ಕಡೆ ಹೋದರೆ ಸಿಗುವ ಮಣ್ಣೆ, ಗಂಗರ ಮಾನ್ಯಪುರ; ಅಲ್ಲಿ ಬಸದಿ ಕಟ್ಟಿಸಿದ ಶ್ರೀವಿಜಯನು ಸೇನಾಪತಿ. ಕತ್ತಿ ಹಿಡಿದ ಮನೆಗಳಲ್ಲೇ ಶ್ರಾವಕರ, ಅಂದರೆ ಗೃಹಸ್ಥ ಜೈನರ, ವ್ರತಗಳೂ ನಡೆಯುತ್ತಿದ್ದವು.

ಆ ವ್ರತಗಳ ಹಿಂದಿನ ತತ್ತ್ವ ಹೇಳುವ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಆಗಲೇ ಹಳೆಯ ಗ್ರಂಥ. ಪೂಜ್ಯಪಾದರು ಅದಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯೆ ಬರೆದಿದ್ದರು. ಸಾಧಕನಿಗೆ ಬರುವ ಕಷ್ಟಗಳನ್ನು ಸೂತ್ರವು ಪರೀಷಹಗಳೆಂದು ಕರೆದು 22 ಎಂದು ಎಣಿಸುತ್ತದೆ. ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆಯ ಕಡಿತ, ಬೈಗುಳ, ಏಟು, ಬೇಡಿದ್ದು ಸಿಗದಿರುವುದು, ರೋಗ. ಇವನ್ನು ಯಾರಾದರೂ ಒಪ್ಪುತ್ತಾರೆ. ಆದರೆ ಅದೇ ಸಾಲಿನಲ್ಲಿ ಸತ್ಕಾರ ಪುರಸ್ಕಾರವೂ ಇದೆ! ಜನ ಎದ್ದು ಕೈಮುಗಿಯುವುದೂ ಸಹಿಸಿ ದಾಟಬೇಕಾದ ಒಂದು ಕಷ್ಟ. ಸತ್ತವನ ಪಟ್ಟವನ್ನು ತಲೆಗೆ ಕಟ್ಟಿಸಿಕೊಂಡು, ಅವನ ರಕ್ತಕ್ಕೆ ಬಂದ 12 ಹಳ್ಳಿಗಳ ಒಡೆಯನಾದ ಇರುಗನ ಪಾಲಿಗೆ ಈ ಎಣಿಕೆ ಎಷ್ಟು ಹತ್ತಿರದ ಮಾತು!

ಪರೀಷಹವನ್ನು ಏಕೆ ಸಹಿಸಬೇಕು? ಹಿಡಿದ ದಾರಿಯಿಂದ ಜಾರದಿರಲು, ಅಂಟಿದ ಕರ್ಮ ಕಳಚಲು, ಎಂದು ಸೂತ್ರ ಎರಡೇ ಕಾರಣ ಹೇಳುತ್ತದೆ. ನೋವು ಸುಳ್ಳು ಎಂದು ಅದು ಎಲ್ಲೂ ಹೇಳುವುದಿಲ್ಲ. ಮನಸ್ಸನ್ನು ಪಳಗಿಸಲು 12 ಅನುಪ್ರೇಕ್ಷೆಗಳನ್ನು, ಅಂದರೆ ಚಿಂತನೆಗಳನ್ನು, ಕೊಡುತ್ತದೆ. ಎಲ್ಲವೂ ಕಳೆಯುವಂಥದ್ದು ಎಂಬುದು ಅನಿತ್ಯ. ಮೃತ್ಯು ಬಂದಾಗ ಕೋಟೆ, ಸೇನೆ, ಬಂಧು ಯಾರೂ ಕಾಯಲಾರರು ಎಂಬುದು ಅಶರಣ. ಈ ಮೈಯೇ ನಾನಲ್ಲ ಎಂಬುದು ಅನ್ಯತ್ವ. ಒಮ್ಮೆ ಕೇಳಿ ಬಿಟ್ಟರೆ ಇವು ಬರೀ ಮಾತು. ದಿನದಿನವೂ ಮತ್ತೆ ಮತ್ತೆ ಮನಸ್ಸಿನಲ್ಲಿ ಉರುಳಿಸಬೇಕು. ಹೊಲವನ್ನು ಮಳೆಗೆ ಮೊದಲೇ ಉಳುವ ಹಾಗೆ, ದುಃಖ ಬರುವ ಮುಂಚೆಯೇ ಈ ಉಳುಮೆ ನಡೆದಿರಬೇಕು.

ಸಲ್ಲೇಖನದ ವಿಷಯದಲ್ಲಿ ಸೂತ್ರದ ಕಟ್ಟು ಇನ್ನೂ ಬಿಗಿ. ಬದುಕಬೇಕೆಂಬ ಆಸೆ ಅದಕ್ಕೆ ದೋಷ. ಸಾಯಬೇಕೆಂಬ ಆಸೆಯೂ ಅಷ್ಟೇ ದೋಷ. ನೋವು ತಾಳಲಾರದೆ ಸಾವನ್ನು ಬಯಸುವವರಿಗೆ ಆ ವ್ರತದಲ್ಲಿ ಜಾಗವಿರಲಿಲ್ಲ. ಜೈನಾಚಾರ್ಯ ಸಮಂತಭದ್ರರು ಅದನ್ನು ಪರಿಹಾರವಿಲ್ಲದ ಮುಪ್ಪು, ರೋಗ, ಬರ, ವಿಪತ್ತುಗಳಿಗೆ ಮಾತ್ರ ಮೀಸಲಿಟ್ಟರು. ಅದಕ್ಕೂ ಮೊದಲು ಹಗೆಯನ್ನೂ ಮೋಹವನ್ನೂ ಬಿಡಬೇಕು, ಬಂಧುಗಳನ್ನೂ ಆಳುಗಳನ್ನೂ ಕ್ಷಮಿಸಬೇಕು, ಅವರಿಂದ ಕ್ಷಮೆ ಬೇಡಬೇಕು. ಯುದ್ಧದ ಹಗೆಯಲ್ಲೇ ಬೆಳೆದ ಮನೆಯ ಹೆಣ್ಣುಮಗಳಿಗೆ ಹಗೆ ಬಿಡಬೇಕೆಂಬ ಮಾತು ಎಷ್ಟು ಭಾರ! ತೊಂಡಬ್ಬೆಯ ಕಲ್ಲನ್ನು ನಾನು ಸಾವಿನ ಹೊಗಳಿಕೆಯೆಂದು ಓದಲಾರೆ. ಈ ಕ್ಷಮೆಯ ಕಷ್ಟವೇ ನನಗೆ ಅದರಲ್ಲಿ ದೊಡ್ಡದಾಗಿ ಕಾಣುತ್ತದೆ.

ಅದೇ ತತ್ತ್ವವು ಬದುಕಿ ಉಳಿದವರಿಂದ ಏನು ಮಾಡಿಸಿತೆಂಬುದು ಮುಂದಿನ ನೂರು ವರ್ಷದಲ್ಲಿ ಬಡಗಣ ಕನ್ನಡ ನಾಡಿನಲ್ಲಿ ಕಂಡಿತು. ಚಾಳುಕ್ಯ ತೈಲಪನ ದಂಡನಾಯಕ ನಾಗದೇವನು ಯುದ್ಧದಲ್ಲಿ ಮಡಿದನು. ಅಕ್ಕ ತಂಗಿಯರಿಬ್ಬರೂ ಅವನ ಹೆಂಡಿರು. ತಂಗಿ ಗುಂಡಮಬ್ಬೆ ಗಂಡನೊಡನೆ ಚಿತೆ ಏರಿದಳು. ಅಕ್ಕ ಅತ್ತಿಮಬ್ಬೆಗೆ ಮಗ ಅಣ್ಣಿಗದೇವನಿದ್ದ, ಅವಳು ಉಳಿದಳು. ವ್ರತಗಳಿಂದ ಮೈಯನ್ನು ಸೊರಗಿಸಿದಳು, ಮಗನನ್ನು ಬೆಳೆಸಿದಳು. ತನ್ನ ತಂದೆ ಮಲ್ಲಪಯ್ಯನೂ ಚಿಕ್ಕಪ್ಪ ಪುನ್ನಮಯ್ಯನೂ ಕವಿ ಪೊನ್ನನಿಂದ ಬರೆಸಿದ್ದ ಶಾಂತಿಪುರಾಣವು ಕಣ್ಮರೆಯಾಗಬಾರದೆಂದು 1,000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿಲ್ಲದ ಕಾಲ; ಒಂದೊಂದು ತಾಳೆಗರಿಯನ್ನೂ ಕಂಟದಿಂದ ಕೊರೆಯಬೇಕು. ಕವಿ ರನ್ನನು ಅವಳ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. 1007ರಲ್ಲಿ ಲಕ್ಕುಂಡಿಯಲ್ಲಿ ಅವಳ ಬಸದಿ ಎದ್ದಿತು. ನಾಡು ಅವಳನ್ನು ದಾನಚಿಂತಾಮಣಿ ಎಂದು ಕರೆಯಿತು. 22 ಪರೀಷಹಗಳಲ್ಲಿ ಸತ್ಕಾರ ಪುರಸ್ಕಾರವೆಂಬ ಆ ಒಂದನ್ನೂ ಅವಳು ತಾಳಬೇಕಾಯಿತು.