ಮಂಗನ ಕಾಯಿಲೆಯೂ ವೈದ್ಯರ ದೂರವೂ

ಸೊರಬ ತಾಲ್ಲೂಕಿನ ಕ್ಯಾಸನೂರು ದೊಡ್ಡ ಊರೇನೂ ಅಲ್ಲ. ಆದರೂ ಅದರ ಹೆಸರು ಪ್ರಪಂಚದ ವೈದ್ಯಗ್ರಂಥಗಳಲ್ಲೆಲ್ಲ ಅಚ್ಚಾಗಿ ಕುಳಿತಿದೆ. ಪಂಡಿತರು ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದುದನ್ನು ಆ ಸೀಮೆಯ ಜನ ‘ಮಂಗನ ಕಾಯಿಲೆ’ ಎಂದು ಕರೆದರು. ಒಂದು ಹೆಸರು ಅಪವಾದವನ್ನು ಕಾಡಿನ ಮೇಲೆ ಹೊರಿಸಿತು, ಇನ್ನೊಂದು ಮಂಗನ ಮೇಲೆ. ನಿಜವಾಗಿ ರೋಗವನ್ನು ಹೊತ್ತು ತರುವ ಉಣ್ಣೆಗೆ ಮಾತ್ರ ಎರಡು ಹೆಸರಿನಲ್ಲಿಯೂ ಪಾಲು ದೊರೆಯಲಿಲ್ಲ!

ಉಣ್ಣೆ ಬಯಲುಸೀಮೆಯ ನಮಗೇನೂ ಅಪರಿಚಿತವಲ್ಲ. ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ಯಾವ ಕೊಟ್ಟಿಗೆಗೆ ಹೋದರೂ ಹಸುವಿನ ಕಿವಿಯ ಒಳಮಗ್ಗುಲಲ್ಲಿ, ಬಾಲದ ಬುಡದಲ್ಲಿ ಅದು ಕಾಣಸಿಗುತ್ತದೆ. ಕಿತ್ತು ಕೆಂಡಕ್ಕೆ ಹಾಕಿದರೆ ಅಲ್ಲಿಗೆ ವಿಷಯ ಮುಗಿಯಿತು. ಮಲೆನಾಡಿನವರು ಉಣುಗು ಎನ್ನುವುದೂ ಇದೇ ಕುಲದ ಜೀವಿಯನ್ನು. ಅಲ್ಲಿ ಮಾತ್ರ ವಿಷಯ ಕೆಂಡದಲ್ಲಿ ಮುಗಿಯುವುದಿಲ್ಲ.

ಈ ರೋಗದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ವೈರಸ್ಸಿನ ಚರಿತ್ರೆಯನ್ನು ಬರೆದಿದ್ದಾರೆ. ಅದು ರೋಚಕವಾದ ಕಥೆಯೇ, ಸಂದೇಹವಿಲ್ಲ. ಆದರೆ ಜ್ವರ ಬಂದವನು ಅದನ್ನು ಬಲ್ಲ ವೈದ್ಯರ ಬಳಿಗೆ ತಲುಪಲು ಎಷ್ಟು ದೂರ ನಡೆಯಬೇಕಾಯಿತು ಎಂಬುದೂ ಒಂದು ಚರಿತ್ರೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ರೋಗದ ವಿಷಯವಾದ ಜ್ಞಾನ ಬಹು ಬೇಗ ಬೆಳೆಯಿತು, ರೋಗಿಯ ಹಾದಿ ಮಾತ್ರ ಅಷ್ಟು ಬೇಗ ಕಿರಿದಾಗಲಿಲ್ಲ.

1957ರ ಮಾರ್ಚಿಯಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನ ಕೇಂದ್ರಕ್ಕೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು. ಆಗ ಅದರ ನಿರ್ದೇಶಕರಾಗಿದ್ದವರು ಟೆಲ್‌ಫರ್ಡ್ ವರ್ಕ್. ಸುತ್ತಲಿನ ಹಳ್ಳಿಗಳಲ್ಲಿ ಜನರೂ ಕಡುಜ್ವರದಿಂದ ಮಲಗಿದ್ದರು. ಅದನ್ನು ಮೊದಲು ವಿಷಮಶೀತಜ್ವರವೆಂದು ಎಣಿಸಲಾಗಿತ್ತು. ಕಾಡಿನಲ್ಲಿ ಮಂಗ ಸಾಯುವುದು, ಊರಿನಲ್ಲಿ ಮನುಷ್ಯ ಸಾಯುವುದು ಎಂದೊಡನೆ ವಿಜ್ಞಾನಿಗಳಿಗೆ ನೆನಪಾದುದು ದಕ್ಷಿಣ ಅಮೆರಿಕದ ಹಳದಿಜ್ವರ. ನಮ್ಮ ಕಾಮಾಲೆಯಲ್ಲ ಇದು. ಸೊಳ್ಳೆಯಿಂದ ಹರಡುವ ಬೇರೆಯೇ ಮಾರಿ. ಅದನ್ನು ಹರಡಬಲ್ಲ ಸೊಳ್ಳೆ ಭಾರತದಲ್ಲಿ ಬೇಕಾದಷ್ಟಿದ್ದರೂ ಆ ರೋಗ ಎಂದೂ ಇಲ್ಲಿ ಕಾಲಿಟ್ಟಿರಲಿಲ್ಲ. ಕಾಲಿಟ್ಟರೆ ಗತಿಯೇನು ಎಂಬ ಭೀತಿಯೇ ಪುಣೆಯವರನ್ನು ಅಷ್ಟು ತ್ವರೆಯಿಂದ ಮಲೆನಾಡಿಗೆ ಕರೆತಂದಿತು.

ಸತ್ತ ಮಂಗಗಳಿಂದ ವೈರಸ್ ದೊರೆಯಿತು. ಅದು ಹಳದಿಜ್ವರದ್ದಲ್ಲ! ರಷ್ಯದ ಕಾಡುಗಳಲ್ಲಿ ವಸಂತ ಮತ್ತು ಬೇಸಗೆಯಲ್ಲಿ ಬರುವ ಮಿದುಳುಜ್ವರದ ವೈರಸ್ಸಿಗೆ ಅದು ದಾಯಾದಿ. ಹರಡುವುದು ಸೊಳ್ಳೆಯಿಂದಲ್ಲ, ಉಣ್ಣೆಯಿಂದ. ‘ಹೀಮಫೈಸಾಲಿಸ್ ಸ್ಪಿನಿಜೆರಾ’ ಎಂಬುದು ಆ ಉಣ್ಣೆಯ ಶಾಸ್ತ್ರೀಯ ನಾಮ. ಹೆರಾಲ್ಡ್ ಟ್ರಾಪಿಡೊ, ಟಿ. ರಾಮಚಂದ್ರ ರಾವ್, ಪಿ. ಕೆ. ರಾಜಗೋಪಾಲನ್ ಮೊದಲಾದವರು ಕಾಡು ಸುತ್ತಿ ಉಣ್ಣೆ ಹಿಡಿದರು, ಇಲಿ ಹಿಡಿದರು, ಹಕ್ಕಿ ಹಿಡಿದರು. ಸಾಗರದಲ್ಲಿ ಕ್ಷೇತ್ರ ಕೇಂದ್ರವೊಂದು ಎದ್ದಿತು. ಸೈಬೀರಿಯದ ಕಡೆಯಿಂದ ವಲಸೆ ಬರುವ ಹಕ್ಕಿಗಳು ಈ ಬೀಜವನ್ನು ತಂದು ಸೊರಬದಲ್ಲಿ ಬಿತ್ತಿರಬಹುದೆ ಎಂಬ ಶಂಕೆ ಹುಟ್ಟಿ, ಹಕ್ಕಿಗಳ ವಲಸೆಯ ಅಧ್ಯಯನಕ್ಕೆ ಪಕ್ಷಿತಜ್ಞ ಸಲೀಂ ಅಲಿಯವರೂ ಮುಂಬಯಿಯ ಪ್ರಕೃತಿ ಇತಿಹಾಸ ಸಂಘವೂ ಕೈಹಾಕಿದುದುಂಟು. ಆ ಊಹೆಗೆ ಆಧಾರ ದೊರೆಯಲಿಲ್ಲ. ಬಹುಕಾಲದಿಂದ ನಮ್ಮ ಕಾಡಿನಲ್ಲಿಯೇ ಅಡಗಿದ್ದ ರೋಗ ಇದು ಎಂಬುದೇ ಇಂದು ಬಲವಾಗಿರುವ ಅಭಿಪ್ರಾಯ.

ಹಾಗಾದರೆ ಅಡಗಿದ್ದುದು ಈಗೇಕೆ ಹೊರಬಂದಿತು? ಕೊಲಂಬಿಯ ದೇಶದ ಜಾರ್ಜ್ ಬೊಷೆಲ್ 1969ರಲ್ಲಿ ಮಂಡಿಸಿದ ವಿಚಾರ ನನಗೆ ಎಲ್ಲಕ್ಕಿಂತ ಅರ್ಥವತ್ತಾಗಿ ಕಾಣುತ್ತದೆ. ಜನ ಹೆಚ್ಚಿದರು, ಗದ್ದೆ ಕಾಡಿನೊಳಕ್ಕೆ ಸರಿಯಿತು, ಹಿಂದೆಯೇ ದನ ಮೇಯಲು ಹೋದವು. ಬೆಳೆದ ಉಣ್ಣೆಗೆ ದನವೇ ಅನ್ನಛತ್ರ. ದನದ ರಕ್ತ ಕುಡಿದು ಕೆಳಗೆ ಬಿದ್ದ ಹೆಣ್ಣು ಉಣ್ಣೆ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಆ ಮರಿಗಳು ಇಲಿ, ಅಳಿಲು, ಮಂಗಗಳ ಮೈಗೆ ಹತ್ತಿ ವೈರಸ್ಸನ್ನು ಪಡೆಯುತ್ತವೆ. ಮಂಗ ಸತ್ತೊಡನೆ ಅದರ ಮೈ ಮೇಲಿದ್ದುವೆಲ್ಲ ಇಳಿದು ಸುತ್ತಲಿನ ತರಗೆಲೆಯನ್ನು ಸೇರುತ್ತವೆ. ಮುಂದೆ ಆ ದಾರಿಯಲ್ಲಿ ಬಂದ ಮನುಷ್ಯನಿಗೆ ಕಚ್ಚುತ್ತವೆ. ಹೀಗೆ ನೋಡಿದರೆ ಮಂಗ ಅಪರಾಧಿಯಲ್ಲ, ನಮ್ಮಂತೆಯೇ ರೋಗಿ. ನಮಗಿಂತ ಮೊದಲು ಸಾಯುವ ರೋಗಿ. ಕೆಂಪು ಮುಖದ ಮಂಗವೂ ಕಪ್ಪು ಮುಖದ ಮುಸುವವೂ ಸತ್ತು ನಮಗೆ ಎಚ್ಚರಿಕೆ ಕೊಡುತ್ತವೆ.

ಕಾಲವೂ ಎಂಥದು! ಎಳೆಯ ಉಣುಗು ಹೆಚ್ಚುವುದು ಸುಮಾರಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮಲೆನಾಡಿನ ಹೆಂಗಸರು ದರಕು ಗುಡಿಸಲು ಸೊಪ್ಪಿನಬೆಟ್ಟಕ್ಕೆ ಹೋಗುವುದೂ, ಸೌದೆ ಕೂಡಿಡುವುದೂ ಆಗಲೇ. ಕೊಟ್ಟಿಗೆಗೆ ದರಕು ಹಾಸದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದಿದ್ದರೆ ತೋಟವಿಲ್ಲ. ‘ಕಾಡಿಗೆ ಹೋಗಬೇಡಿ’ ಎಂದು ಪ್ರಕಟಣೆ ಹೊರಡಿಸುವುದು ಸುಲಭ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೆ ಜ್ವರ ಏರುತ್ತದೆ. ತಲೆಸಿಡಿತ, ಮೈಕೈ ಮುರಿದಂತಹ ನೋವು, ವಾಂತಿ. ಕೆಲವರಿಗೆ ವಸಡಿನಿಂದ, ಮೂಗಿನಿಂದ ರಕ್ತ. ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರಿಟ್ಟ ಒಂದೆರಡು ವಾರಕ್ಕೆ ಕೆಲವರಲ್ಲಿ ಅದು ಮರಳಿ ಬಂದು ಮಿದುಳನ್ನು ಬಾಧಿಸುವುದೂ ಉಂಟು. ನೂರರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಉಳಿದವರೂ ಬಹುದಿನ ಗುದ್ದಲಿ ಹಿಡಿಯಲಾರರು. ಈ ವೈರಸ್ಸನ್ನೇ ಕೊಲ್ಲುವ ಔಷಧ ಇಂದಿಗೂ ಇಲ್ಲ. ಮೈಯ ನೀರು ಕಾಯುವುದು, ರಕ್ತಸ್ರಾವ ಕಂಡರೆ ರಕ್ತ ಕೊಡುವುದು, ಹಗಲಿರುಳು ಗಮನಿಸುವುದು, ಇಷ್ಟೇ ಚಿಕಿತ್ಸೆ. ‘ಇಷ್ಟೇ’ ಎಂದೆನಾದರೂ ಇಷ್ಟನ್ನು ಸರಿಯಾಗಿ ಮಾಡಬಲ್ಲ ಆಸ್ಪತ್ರೆ ಕಾಡಿನಂಚಿನಲ್ಲಿರುವುದಿಲ್ಲ.

ರೋಗ ಇದೇ ಎಂದು ಗೊತ್ತಾಗುವುದೂ ಸುಲಭವಾಗಿರಲಿಲ್ಲ. ಹಿಂದೆ ರೋಗಿಯ ರಕ್ತವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವವರೆಗೆ ಕಾದಿರಬೇಕಾಗಿತ್ತು. ಉತ್ತರ ಬರುವಷ್ಟರಲ್ಲಿ ರೋಗಿ ಎದ್ದು ಓಡಾಡುತ್ತಿರಬೇಕು, ಇಲ್ಲವೆ ಮಣ್ಣಾಗಿರಬೇಕು. ಈಗಿನ ಪಿ.ಸಿ.ಆರ್. ಪರೀಕ್ಷೆ ಜ್ವರದ ಮೊದಲ ದಿನಗಳಲ್ಲಿಯೇ ಉತ್ತರ ಕೊಡುತ್ತದೆ. ಶಿವಮೊಗ್ಗೆಯಲ್ಲಿ ಇದಕ್ಕೆಂದೇ ಪ್ರಯೋಗಾಲಯವೂ ಇದೆ.

ರೋಗ ಶಿವಮೊಗ್ಗೆಯ ಗಡಿಯೊಳಗೇ ನಿಂತಿರಲೂ ಇಲ್ಲ. 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ, ಪಟ್ರಮೆಗಳ ಸುತ್ತ ಅದು ಭೀಕರವಾಗಿ ಎರಗಿತು. ಗೇರುತೋಟಕ್ಕಾಗಿ ಕಾಡು ಕಡಿದ ಸ್ಥಳದ ಆಸುಪಾಸಿನಲ್ಲಿ ಅದು ಕಂಡುಬಂದುದು ಬೊಷೆಲ್ಲರ ವಿಚಾರಕ್ಕೆ ಸಾಕ್ಷಿ ನುಡಿದಂತಿತ್ತು. 2012ರಲ್ಲಿ ಬಂಡೀಪುರ, ಆ ಬಳಿಕ ನೀಲಗಿರಿ, ವಯನಾಡು, 2015ರಲ್ಲಿ ಗೋವೆಯ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಸುಡುವ ಕೆಲಸಕ್ಕೆ ಹೋದವರಿಗೇ ರೋಗ ತಗಲಿತ್ತು. ಇದು ನಮ್ಮ ಕಡೆಯವರು ಗಮನಿಸಬೇಕಾದ ಸಂಗತಿ. ಕೋತಿ ಸತ್ತರೆ ಹನುಮಂತನೆಂದು ಹೂವು ಮುಡಿಸಿ, ವಾದ್ಯದೊಡನೆ ಮೆರವಣಿಗೆ ಮಾಡಿ ಹೂಳುವ ರೂಢಿ ಮಂಡ್ಯದ ಹಳ್ಳಿಗಳಲ್ಲುಂಟು. ಭಕ್ತಿ ಇರಲಿ, ಕಾಡಂಚಿಗೆ ಹೋದಾಗ ಕೈ ಮಾತ್ರ ದೂರವಿರಲಿ.

ಇಲ್ಲಿ ಅಮೆರಿಕದ ಒಂದು ಸಂಗತಿಯನ್ನು ಹೋಲಿಕೆಗೆ ಹೇಳಬೇಕು. 1975ರ ಸುಮಾರಿಗೆ ಅಲ್ಲಿನ ಕನೆಕ್ಟಿಕಟ್ ಸಂಸ್ಥಾನದ ಲೈಮ್ ಎಂಬ ಊರ ಕಡೆ ಮಕ್ಕಳಿಗೆ ಕೀಲು ಊದಿಕೊಳ್ಳುವ ಕಾಯಿಲೆ ಬಂದಿತು. ವೈದ್ಯರು ಒಬ್ಬೊಬ್ಬರು ಒಂದೊಂದು ಹೇಳಿದರು. ಪಾಲಿ ಮುರ್ರೆ ಎಂಬ ತಾಯಿ ಸುಮ್ಮನೆ ಕೂರದೆ, ಊರಿನಲ್ಲಿ ಯಾರು ಯಾರಿಗೆ ಹೀಗಾಗಿದೆ ಎಂದು ಪಟ್ಟಿ ಮಾಡಿ ಅಧಿಕಾರಿಗಳ ಮುಂದಿಟ್ಟಳು. ಯೇಲ್ ವಿಶ್ವವಿದ್ಯಾಲಯದ ಅಲೆನ್ ಸ್ಟಿಯರ್ ಶೋಧನೆಗಿಳಿದರು. 1982ರಲ್ಲಿ ವಿಲಿ ಬರ್ಗ್‌ಡಾರ್ಫರ್ ಉಣ್ಣೆಯಲ್ಲಿ ಅದರ ಬ್ಯಾಕ್ಟೀರಿಯ ಕಂಡುದನ್ನು ಪ್ರಕಟಿಸಿದರು. ಬ್ಯಾಕ್ಟೀರಿಯವಾದುದರಿಂದ ಡಾಕ್ಸಿಸೈಕ್ಲಿನ್ ಮಾತ್ರೆಗೆ ಅದು ಬಗ್ಗುತ್ತದೆ. ಅದೇ ಉಣ್ಣೆ ಬೇರೆ ಸೋಂಕುಗಳನ್ನೂ ಜೊತೆಗೆ ತರಬಲ್ಲದು. ನಮ್ಮ ಕ್ಯಾಸನೂರು ವೈರಸ್ಸಿನ ದಾಯಾದಿಯಾದ ಪೊವಾಸನ್ ಎಂಬುದೂ ಅವುಗಳಲ್ಲಿ ಒಂದು. ನಾಗರಹೊಳೆ, ಬಂಡೀಪುರಗಳ ಕಾಡಂಚಿನವರ ರಕ್ತದಲ್ಲಿ ಲೈಮ್ ಸೋಂಕಿನ ಕುರುಹುಗಳನ್ನು ಸಂಶೋಧಕರು ಕಂಡಿದ್ದಾರೆ. ಉಣ್ಣೆ ಕಚ್ಚಿ ಜ್ವರ ಬಂದಾಗ ವೈದ್ಯರು ಒಂದೇ ರೋಗವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಲದು.

ಅಲ್ಲಿ ಔಷಧವಿದ್ದೂ ಬಲ್ಲ ವೈದ್ಯರನ್ನು ಹುಡುಕುವ ಪಾಡು; ಇಲ್ಲಿ ರೋಗದ ಜಾತಕವೆಲ್ಲ ಗೊತ್ತಿದ್ದೂ ಔಷಧವಿಲ್ಲದ ಪಾಡು. 2018ರ ಡಿಸೆಂಬರಿನ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ರೋಗ ಕಾಣಿಸಿಕೊಂಡು, ಮುಂದಿನ ವರ್ಷದ ಬೇಸಗೆಯವರೆಗೆ ಒಂದಾದಮೇಲೊಂದು ಸಾವನ್ನು ಕಂಡಿತು. ಶರಾವತಿ ಕಣಿವೆಯ ಸೀಮೆ ಅದು. ಮೈ ಬಿಸಿಯಾದವರನ್ನು ಕರೆದುಕೊಂಡು ಜನ ಘಟ್ಟ ಇಳಿದು ಮಣಿಪಾಲಕ್ಕೆ ಹೋದರು, ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಆಸ್ಪತ್ರೆಯ ಖರ್ಚನ್ನು ಸರ್ಕಾರ ಹೊರುವ ಏರ್ಪಾಡಾದರೂ, ರೋಗಿಯೊಡನೆ ಹೋದವನ ಊಟ, ಬಸ್ಸು, ತಪ್ಪಿದ ಅಡಕೆಯ ಕೊಯ್ಲು, ಮನೆಯಲ್ಲಿ ಕರೆಯದೆ ನಿಂತ ಹಸು, ಇವು ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ. ಕ್ಯಾಸನೂರಿನ ಸುದ್ದಿ ಪುಣೆಗೆ ಮುಟ್ಟಿ ಆಗಲೇ ಅರವತ್ತು ವರ್ಷ ದಾಟಿತ್ತು.

ಇನ್ನು ಲಸಿಕೆಯ ವಿಷಯ. 1950ರ ದಶಕದ ಕೊನೆಯಲ್ಲಿ ರಷ್ಯದ ಮಿದುಳುಜ್ವರಕ್ಕೆಂದು ತಯಾರಿಸಿದ್ದ ಲಸಿಕೆಯನ್ನೇ ಇಲ್ಲಿ ಕೊಟ್ಟು ನೋಡಿದರು, ಫಲಿಸಲಿಲ್ಲ. ಬಳಿಕ ಈ ವೈರಸ್ಸಿನಿಂದಲೇ ಮಾಡಿದ ಲಸಿಕೆ 1990ರಿಂದ ಬಳಕೆಗೆ ಬಂದಿತು. 2001ರಿಂದ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆ ಅದನ್ನು ತಯಾರಿಸಿತು. ತಿಂಗಳ ಅಂತರದಲ್ಲಿ ಎರಡು ಚುಚ್ಚು, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆಮೇಲೂ ವರ್ಷ ವರ್ಷ. ಚುಚ್ಚಿದ ತೋಳು ಬಹಳ ನೋಯುತ್ತಿದ್ದುದರಿಂದ ಎರಡನೆಯ ಸರದಿಗೆ ಬಾರದವರು ಅನೇಕರು. ಕೂಲಿಯ ದಿನ ತೋಳು ಎತ್ತಲಾಗದಿದ್ದರೆ ಯಾರು ಬಂದಾರು? 2005ರಿಂದ 2010ರವರೆಗಿನ ಲೆಕ್ಕ ಹಾಕಿದಾಗ ಎರಡು ಚುಚ್ಚು ಪಡೆದವರಲ್ಲಿ ರಕ್ಷಣೆ ಶೇಕಡ 62ರಷ್ಟು, ಮುಂದಿನದನ್ನೂ ಪಡೆದವರಲ್ಲಿ ಶೇಕಡ 83ರಷ್ಟು ಎಂದು ಕಂಡಿತು. ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸದನ್ನು ಸಿದ್ಧಗೊಳಿಸುವ ಕೆಲಸವನ್ನು ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೂ ಕೈಗೊಂಡಿವೆ. ಈ ನಡುವೆ ಆಶಾ ಕಾರ್ಯಕರ್ತೆಯರು ಉಣುಗು ಹತ್ತದಂತೆ ಕೈಕಾಲಿಗೆ ಸವರಿಕೊಳ್ಳುವ ಎಣ್ಣೆಯ ಸೀಸೆಗಳನ್ನು ಮನೆ ಮನೆಗೆ ಹಂಚುತ್ತಾರೆ. ಸವರಿಕೊಂಡು ಹೆಂಗಸರು ದರಕಿಗೆ ಹೋಗುತ್ತಾರೆ.