ಶಾನುಭೋಗರ ಕಡತ

ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರೆಲ್ಲರೂ ‘ಕಡತ’ ಎಂಬ ಮಾತನ್ನು ಕೇಳಿರುತ್ತಾರೆ. ಕಡತ ಸಾಹೇಬರ ಮೇಜಿನ ಮೇಲಿದೆ, ಕಡತ ಸಿಕ್ಕುತ್ತಿಲ್ಲ, ನಾಳೆ ಬನ್ನಿ. ಹೀಗೆನ್ನುವ ಗುಮಾಸ್ತರಿಗಾಗಲಿ, ಕೇಳಿ ಹಿಂದಿರುಗುವ ನಮಗಾಗಲಿ ಕಡತವೆಂದರೆ ಮೂಲದಲ್ಲಿ ಬಟ್ಟೆ ಎಂಬುದು ನೆನಪಿರುವುದಿಲ್ಲ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಟ ತನ್ನ ಮೈಸೂರು ಚರಿತ್ರೆಯ ಮೊದಲ ಸಂಪುಟದಲ್ಲಿ ಅದನ್ನು ವರ್ಣಿಸಿದ್ದಾನೆ. ಒಂದಡಿಯೊಳಗಿನ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆ; ಎರಡು ಮೈಗೂ ಇದ್ದಿಲ ಪುಡಿ ಬೆರೆಸಿದ ಸರಿಯ ಲೇಪ; ಒಣಗಿದ ಮೇಲೆ ಪುಟಪುಟವಾಗಿ ಮಡಿಸಿ, ಎರಡು ತುದಿಗೂ ಮರದ ಹಲಗೆ. ಬರೆಯುವುದು ಬಳಪದಿಂದ. ಬೇಡವಾದರೆ ಒರಸಿ ಮತ್ತೆ ಬರೆಯಬಹುದು.

ಒರಸಬಹುದು ಎಂಬ ಈ ಒಂದು ಗುಣವೇ ಶಾನುಭೋಗನಿಗೆ ಅನುಕೂಲವೂ ಆಯಿತು, ಅಪಕೀರ್ತಿಯೂ ಆಯಿತು. ಶಾಸನಗಳ ಸೇನಬೋವನೇ ಇವನು. ನಮ್ಮ ಹಾಸ್ಯಗಾರರು ಅವನನ್ನು ಸುಲಭವಾಗಿ ಬಿಟ್ಟವರಲ್ಲ. ಅವನು ಲೆಕ್ಕ ತಿರುಚಲಿಲ್ಲವೆಂದು ವಾದಿಸುವ ಧೈರ್ಯ ನನಗೂ ಇಲ್ಲ. ಆದರೆ ಅವನ ಕಷ್ಟವನ್ನು ಕೇಳಿದವರು ಕಡಿಮೆ. ಕಣದಲ್ಲಿ ರಾಶಿಯಾದಾಗ ಆಯಗಾರನಾಗಿ ಅವನು ರೈತನಿಂದ ಕಾಳು ಪಡೆಯುತ್ತಿದ್ದ. ವಸೂಲಿನ ಮೇಲೆ ಸರ್ಕಾರದಿಂದ ಪೊಟಗಿ ಪಡೆಯುತ್ತಿದ್ದ. ಕಂದಾಯ ಕೊಡುವವನ ಲೆಕ್ಕವನ್ನೂ ತೆಗೆದುಕೊಳ್ಳುವವನ ಲೆಕ್ಕವನ್ನೂ ಒಂದೇ ಕೈ ಬರೆಯಬೇಕಾಗಿತ್ತು. ಇಬ್ಬರೂ ಅವನನ್ನು ನಂಬಲಿಲ್ಲ, ಇಬ್ಬರಿಗೂ ಅವನಿಲ್ಲದೆ ನಡೆಯಲಿಲ್ಲ.

ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಕವಲಂದೆ ಇದೆ. ಕಪಿಲೆಯ ನಾಲೆ ಹರಿಯುವ ಗ್ರಾಮಗಳಲ್ಲಿ ಭತ್ತ. ಇತ್ತ ಹೆಚ್ಚಾಗಿ ಮಳೆಯನ್ನೇ ನಂಬಿದ ರಾಗಿ, ಜೋಳ, ಹುರುಳಿಯ ಹೊಲ. ಇಂಥ ಸೀಮೆಯ ಒಬ್ಬ ಶಾನುಭೋಗನ ಮುಂದೆ ನೂರೈವತ್ತು ವರ್ಷಗಳಲ್ಲಿ ಏನೇನು ಬಂದು ಹೋಯಿತೆಂಬುದನ್ನು ವಾಚಕರು ಊಹಿಸಿಕೊಳ್ಳಲಿ. ಟಿಪ್ಪುವಿನ ಕಾಲದಲ್ಲಿ ಲೆಕ್ಕಕ್ಕೆ ಪಾರಸಿ ಬಂದಿತು, ವರ್ಷಗಣನೆಯೇ ಬದಲಾಯಿತು. 1799ರ ನಂತರ ಪೂರ್ಣಯ್ಯನವರ ಆಡಳಿತ. ಮತ್ತೆ ಕಂಠೀರಾಯಿ ವರಹದ ಲೆಕ್ಕ. ಹತ್ತು ಹಣಕ್ಕೊಂದು ವರಹ. ಹಣದೊಳಗೆ ಕಾಲು ಭಾಗ ಹಾಗ, ಹದಿನಾರರಲ್ಲೊಂದು ವೀಸ, ಅರುವತ್ತನಾಲ್ಕರಲ್ಲೊಂದು ಕಾಣಿ. ಆ ಬಳಿಕ ಅಮಲ್ದಾರರು ಇಷ್ಟು ಕಟ್ಟುತ್ತೇನೆಂದು ಒಪ್ಪಿ ಬರೆದುಕೊಡುವ ಶರತ್ತಿನ ಪದ್ಧತಿ. ಮೊತ್ತ ಮೊದಲೇ ಗೊತ್ತು, ಲೆಕ್ಕವನ್ನು ಅದಕ್ಕೆ ಹೊಂದಿಸಬೇಕು! ನಗರದ ಕಡೆ ರೈತರು 1830ರಲ್ಲಿ ಕೂಟ ಕಟ್ಟಿ ದಂಗೆಯೆದ್ದುದಕ್ಕೆ ಇದೂ ಒಂದು ಕಾರಣ. 1831ರಲ್ಲಿ ಆಡಳಿತ ಇಂಗ್ಲಿಷರ ಕೈಸೇರಿತು. ವರಹ ಹೋಗಿ ರೂಪಾಯಿ, ಆಣೆ, ಪೈ ಬಂದುವು.

ಎಲ್ಲಕ್ಕಿಂತ ದೊಡ್ಡ ತಿರುವು 1863ರಲ್ಲಿ ಚಿತ್ರದುರ್ಗದ ಕಡೆ ಮೊದಲಾದ ಸರ್ವೆ. ಅಲ್ಲಿಯವರೆಗೆ ಗದ್ದೆಯನ್ನು ಅಳೆಯುತ್ತಿದ್ದುದು ಬಿತ್ತನೆಯಿಂದ: ಒಂದು ಖಂಡುಗ ಬಿತ್ತುವ ನೆಲ, ಐದು ಕೊಳಗ ಬಿತ್ತುವ ನೆಲ. ಖುಷ್ಕಿಯ ಖಂಡುಗ ಬೇರೆ, ತರಿಯ ಖಂಡುಗ ಬೇರೆ. ಸರ್ವೆ ಮೂವತ್ತಮೂರಡಿಯ ಸರಪಣಿ ಎಳೆದು, ನಲವತ್ತು ಗುಂಟೆಗೆ ಎಕರೆ ಎಂದು ಗೆರೆ ಹಾಕಿತು. ಹುಣಸೇಮರದ ಹೊಲಕ್ಕೆ ನಂಬರು ಬಂದಿತು. ರೈತನಿಗೆ ಆ ನಂಬರು ಬಾಯಿಗೆ ಬರದು. ಸರ್ಕಾರಕ್ಕೆ ಹುಣಸೇಮರ ಕಣ್ಣಿಗೆ ಕಾಣದು. ನಡುವೆ ನಿಂತು ಎರಡನ್ನೂ ಬಲ್ಲವನು ಶಾನುಭೋಗನೊಬ್ಬನೇ.

ಬಂದ ರೈತನಾದರೂ ಸರಳವಾಗಿ ಬರುತ್ತಿದ್ದನೆ? ಖಾತೆ ಸತ್ತ ಅಜ್ಜನ ಹೆಸರಿನಲ್ಲಿ, ಪಾಲು ಬಾಯಿಮಾತಿನಲ್ಲಿ. ನನ್ನ ಪಾಲಿನದು ಕಟ್ಟಿದೆ, ಉಳಿದುದನ್ನು ಅಣ್ಣನನ್ನೇ ಕೇಳಿ ಸ್ವಾಮಿ ಎಂದು ತಮ್ಮ. ಬೆಳೆ ಕೆಟ್ಟಿದೆ, ವಜಾ ಬರೆಯಿರಿ ಎಂದು ಮತ್ತೊಬ್ಬ. ಹೋಗಿ ನೋಡಿದರೆ ಹೊಲದ ಅರ್ಧ ಹಸುರಾಗಿರುತ್ತದೆ. ರಸೀದಿ ಮಳೆಗೆ ನೆನೆದು ಹೋಗಿರುತ್ತದೆ. ಇಂದು ಜುಲೈ ತಿಂಗಳಲ್ಲಿ ನಮ್ಮ ತೆರಿಗೆ ಸಲಹೆಗಾರರ ಮುಂದೆ ಕೈಚೀಲ ಸುರಿದು, “ಎಲ್ಲಾ ಇದರಲ್ಲೇ ಇದೆ, ನೋಡಿಕೊಳ್ಳಿ” ಎನ್ನುವ ನಗರದ ವಿದ್ಯಾವಂತರಿಗೆ ಈ ರೈತನನ್ನು ನೋಡಿ ನಗುವ ಹಕ್ಕಿಲ್ಲ. ಅವನಿಗಾದರೋ ಓದು ಬಾರದು ಎಂಬ ನೆಪವಿದ್ದಿತು.

ಆ ಮೇಲೆ ಜಮಾಬಂದಿ. ಮೇಲಧಿಕಾರಿಗಳು ವರ್ಷಕ್ಕೊಮ್ಮೆ ಬಂದು ಕೂತರೆ ಊರೂರಿನ ಶಾನುಭೋಗರು ಪುಸ್ತಕದ ಗಂಟು ಹೊತ್ತು ಸಾಲಾಗಿ ನಿಲ್ಲಬೇಕು. ರೈತನ ವರ್ಷ ಯುಗಾದಿಗೆ ಮೊದಲಾದರೆ ಸಂಸ್ಥಾನದ ಹಣಕಾಸಿನ ವರ್ಷ ಜುಲೈ ಒಂದಕ್ಕೆ. ಪಹಣಿಗೂ ಖಾತೆಗೂ ಒಂದಾಣೆ ವ್ಯತ್ಯಾಸ ಕಂಡರೆ ರೈತನನ್ನು ಯಾರೂ ಕೇಳುವುದಿಲ್ಲ; ಕೇಳುವುದು ಬರೆದವನನ್ನು. ಕಡತ ಹೋಗಿ ಕಾಗದ ಬಂದ ಮೇಲೆ ಒರಸುವುದಕ್ಕೂ ಉಪಾಯವಿರಲಿಲ್ಲ. ಹೊಡೆದು ಹಾಕಿದ ಗೆರೆ ಕಾಣುತ್ತಿತ್ತು. ಇದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ.

ಆದರೂ ಒಂದು ಮಾತು. ಶಾನುಭೋಗಿಕೆ ವಂಶಪಾರಂಪರ್ಯವಾದುದು. ತಂದೆಯ ಲೆಕ್ಕ ಮಗನಿಗೆ, ತಂದೆಯ ಹಗೆಯೂ ಮಗನಿಗೆ. ಅಕ್ಷರ ಒಂದು ಮನೆಯಲ್ಲೇ ನಿಂತುಬಿಟ್ಟರೆ ಊರಿಗೆಲ್ಲ ಆ ಮನೆಯ ಜಗಲಿಯೇ ನ್ಯಾಯಸ್ಥಾನ. ಇದು ಹೋಗಲೇಬೇಕಾಗಿತ್ತು. 1961ರಲ್ಲಿ ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾಯಿದೆಯಾಗಿ, 1963ರ ಫೆಬ್ರವರಿ ಒಂದರಿಂದ ಅದು ಜಾರಿಗೆ ಬಂದಿತು. ಪಟೇಲ, ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಲೆಕ್ಕದ ಪುಸ್ತಕಗಳು ಕೈ ಬದಲಾದುವು. ಯಾವ ಅಣ್ಣತಮ್ಮಂದಿರು ಯಾವ ಬದುವಿನ ಮೇಲೆ ಏನು ಮಾತಾಡಿಕೊಂಡಿದ್ದರೆಂಬುದು ಪುಸ್ತಕದಲ್ಲಿ ಇರಲಿಲ್ಲ.

ಇಸವಿ 2000ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಪಹಣಿ ಗಣಕಯಂತ್ರಕ್ಕೆ ಏರಿತು. ಅಜ್ಜನ ಹೆಸರು ಮಾತ್ರ ಎಷ್ಟೋ ಪಹಣಿಗಳಲ್ಲಿ ಇನ್ನೂ ಹಾಗೆಯೇ ಉಳಿದಿದೆ.